ಮಾರಿಕುಪ್ಪಂ, ಕೊನೆಯ ನಿಲ್ದಾಣ

ಬಂಗಾರಪೇಟೆಯಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಹಿಂದಿನ ರಾತ್ರಿ ಅಲ್ಲೇ ತಂಗಿದ್ದವನು ಎದ್ದು ಸ್ಟೇಷನ್ನಿಗೆ ಬಂದಾಗ ಮಾರಿಕುಪ್ಪಂ ಕಡೆಯಿಂದ ಬಂದ ಗಾಡಿಯೊಂದು ಬೆಂಗಳೂರಿಗೆ ಹೊರಡಲು ನಿಂತಿತ್ತು. ಬಾಗಿಲ ಬಳಿ ಜೋತುಬಿದ್ದವರು, ಇಬ್ಬರು ಕೂರುವ ಸೀಟಿನಲ್ಲಿ ನಾಲ್ವರು, ಕಿಟಕಿಯ ಸರಳಿಗೆ ಹಣೆಯಾನಿಸಿ ನಿದ್ದೆ ಹೋದವರು. ಒಬ್ಬ ಹುಡುಗಿ ನಿಂತಲ್ಲೇ ಜಡೆ ಹೆಣೆದುಕೊಳ್ಳುತ್ತಿದ್ದಳು, ಅವಳ ಊಟದ ಡಬ್ಬಿಯನ್ನು ಪಕ್ಕದವಳು ಹಿಡಿದುಕೊಂಡಿದ್ದಳು. ಗಾಡಿ ಹೊರಟಿತು. ಪ್ಲಾಟ್‌ಫಾರ್ಮು ಖಾಲಿಯಾಯಿತು. ಎದುರು ದಿಕ್ಕಿಗೆ ಹೋಗುವ ನನ್ನ ರೈಲಿನ ಡಬ್ಬಿಯಲ್ಲಿ ಏಳೆಂಟು ಜನರಿದ್ದರು, ಅಷ್ಟೆ.

ಕೋಲಾರದ ಚಿನ್ನದ ಗಣಿಗೆ ಹೋಗಬೇಕೆಂಬ ಆಸೆ ನನಗೆ ಬಹಳ ದಿನದ್ದು. 2018ರ ಸಿನಿಮಾ ಬಂದ ಮೇಲೆ ಕೆ.ಜಿ.ಎಫ್ ಎಂಬ ಮೂರಕ್ಷರ ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಅದರಲ್ಲಿ ಕಂಡದ್ದು ಒಂದು ಕಲ್ಪನೆಯ ಊರು. ನನಗೆ ಬೇಕಾಗಿದ್ದದ್ದು ಗಣಿ ಮುಚ್ಚಿದ ಮೇಲೂ ಅಲ್ಲಿ ಉಳಿದುಕೊಂಡ ಊರು. ಇಂಗ್ಲಿಷರ ಆಳ್ವಿಕೆ ನಮಗೆ ಏನು ಮಾಡಿತು ಎಂಬ ಮಾತು ಬಂದಾಗಲೆಲ್ಲ ನಾವು ಕೋಟೆ, ಯುದ್ಧ, ಗಲ್ಲುಗಳ ಕಡೆ ತಿರುಗುತ್ತೇವೆ. ಕಿತ್ತೂರಿಗೂ ನಂದಗಡಕ್ಕೂ ಹೋಗಿ ಕಣ್ಣು ತೇವ ಮಾಡಿಕೊಂಡು ಬಂದವನು ನಾನೂ. ಆದರೆ ಅವರ ಆಳ್ವಿಕೆಯ ಬಹುಭಾಗ ಯುದ್ಧವಾಗಿರಲಿಲ್ಲ. ಅದು ದಿನವೂ ಬೆಳಿಗ್ಗೆ ಸೈರನ್ ಕೂಗಿದಾಗ ಶುರುವಾಗಿ ಸಂಜೆ ಮುಗಿಯುತ್ತಿದ್ದ ಒಂದು ಕೆಲಸವಾಗಿತ್ತು. ಆ ಕೆಲಸದ ಜಾಗ ನೋಡಬೇಕಿತ್ತು.

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು. ಅಲ್ಲಿಂದ ಮಾರಿಕುಪ್ಪಂಗೆ 16 ಕಿಲೋಮೀಟರ್ ಉದ್ದದ ಈ ಕವಲು ಹಳಿ ಗಣಿಗೆಂದೇ 1894ರಲ್ಲಿ ಬಂದದ್ದು. ರೈಲು ಒಂದೊಂದೇ ಸ್ಟೇಷನ್ನಿನಲ್ಲಿ ನಿಲ್ಲುತ್ತಾ ಹೋದಂತೆ ಹಳದಿ ಫಲಕಗಳನ್ನು ಓದಿಕೊಂಡೆ. ಕೋರಮಂಡಲ್, ಉರಿಗಾಂ, ಚಾಂಪಿಯನ್. ಉರಿಗಾಂ ಮೊದಲಿನಿಂದ ಇದ್ದ ಹಳ್ಳಿ. ಮಿಕ್ಕವು ಗಣಿ ಕಂಪನಿಗಳ ಹೆಸರು. ಲಂಡನ್ನಿನಲ್ಲಿ ಷೇರು ಮಾರಲು ಇಟ್ಟ ಹೆಸರುಗಳು ನಮ್ಮ ಸ್ಟೇಷನ್ನುಗಳ ಹೆಸರಾಗಿ ಇವತ್ತಿಗೂ ಕನ್ನಡ ಲಿಪಿಯಲ್ಲಿ ನಿಂತಿವೆ.

ಇಲ್ಲಿನ ಚಿನ್ನವನ್ನು ಇಂಗ್ಲಿಷರು ಕಂಡುಹಿಡಿದರು ಎಂದು ಎಷ್ಟೋ ಕಡೆ ಬರೆದಿರುತ್ತದೆ. ಟಿಪ್ಪು ಬಿದ್ದ ಮೇಲೆ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಚಿನ್ನದ ಸುದ್ದಿ ಕೇಳಿ, ತಂದು ತೋರಿಸಿದವರಿಗೆ ಇನಾಮು ಕೊಡುವುದಾಗಿ ಸಾರಿದ. ಉರಿಗಾಂ, ಮಾರಿಕುಪ್ಪಂ ಸುತ್ತಿನ ರೈತರು ಗಾಡಿಯಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಅಂದರೆ ಮಣ್ಣು ಯಾವುದು, ತೊಳೆಯುವುದು ಹೇಗೆ ಎಲ್ಲವೂ ಇಲ್ಲಿನವರಿಗೆ ಗೊತ್ತಿತ್ತು. ಅವರು ತೋರಿಸಿದರು, ಇವರು ಬರೆದುಕೊಂಡರು. ಆ ಹಳೆಯ ಬರಹವನ್ನು ಓದಿಯೇ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ನಿವೃತ್ತ ಸೈನಿಕ ಮೈಕೆಲ್ ಲ್ಯಾವೆಲ್ 1873ರಲ್ಲಿ ಗಣಿಗಾರಿಕೆಗೆ ಅರ್ಜಿ ಹಾಕಿದ್ದು. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಮೈಸೂರು ಆಗ 1831ರಿಂದ ಇಂಗ್ಲಿಷ್ ಕಮಿಷನರುಗಳ ಕೈಯಲ್ಲಿತ್ತು. ಅನುಮತಿ ಕೊಟ್ಟವರೂ ಅವರೇ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದಿತು. ಮರುವರ್ಷ ಒಡೆಯರಿಗೆ ರಾಜ್ಯ ಮರಳಿ ಸಿಗುವ ಹೊತ್ತಿಗೆ ಚಿನ್ನದ ನೆಲ ಬೇರೆಯವರ ಕೈ ಸೇರಿಯಾಗಿತ್ತು. ಮೈಸೂರಿಗೆ ಸಿಗುತ್ತಿದ್ದದ್ದು ರಾಜಧನ. ಗಟ್ಟಿಗಳು ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ.

ಮಾರಿಕುಪ್ಪಂನಲ್ಲಿ ಹಳಿ ಮುಗಿಯುತ್ತದೆ. ಇಳಿದ ಕೂಡಲೇ ಗಾಳಿ ಮುಖಕ್ಕೆ ಹೊಡೆಯಿತು. ಆಷಾಢದ ಗಾಳಿ. ಅದರಲ್ಲಿ ಹಿಟ್ಟಿನಂಥ ಏನೋ ಇತ್ತು, ಹಲ್ಲಿಗೆ ಕರಕರ ಸಿಕ್ಕಿತು. ತಲೆಯೆತ್ತಿ ನೋಡಿದರೆ ಮನೆಗಳ ಹಿಂದೆಯೇ ಬೂದು ಬಣ್ಣದ ಗುಡ್ಡ. ಸೈನೈಡ್ ಗುಡ್ಡ ಎಂದೇ ಎಲ್ಲರೂ ಕರೆಯುತ್ತಾರೆ. ಬಂಡೆಯನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹುಡಿ ಅದು. ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಮೊದಲಿಗೆ ಹತ್ತಾರು ಗ್ರಾಂ, ಕೊನೆಕೊನೆಗೆ ಮೂರ್ನಾಲ್ಕು. ಮಿಕ್ಕಿದ್ದೆಲ್ಲ ಇಲ್ಲೇ ಸುರಿಯಿತು. ಇಂಥ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಹುಡಿ ಇದೆ.

ಒಂದರ ಬುಡಕ್ಕೆ ಹೋಗಿ ಕೂತೆ. ದೂರದಿಂದ ನುಣ್ಣಗೆ ಕಾಣುವ ಗುಡ್ಡದ ಮೈ ಹತ್ತಿರದಲ್ಲಿ ಸೀಳು ಸೀಳಾಗಿತ್ತು, ಪ್ರತಿ ಮಳೆಯೂ ಒಂದು ಕಾಲುವೆ ಕೊರೆದುಕೊಂಡು ಹೋಗಿತ್ತು. ಆಳದ ಸೀಳುಗಳಲ್ಲಿ ಪದರ ಎಣಿಸಬಹುದಿತ್ತು: ಬೂದು, ಅದರ ಮೇಲೆ ತುಕ್ಕಿನ ಬಣ್ಣ, ಮತ್ತೆ ಬೂದು. ಒಂದು ಹಿಡಿ ಎತ್ತಿಕೊಂಡರೆ ತಣ್ಣಗಿತ್ತು, ರಾಗಿ ಹಿಟ್ಟಿಗಿಂತ ನಯ. ಬೆರಳು ಸಡಿಲಿಸಿದ್ದೇ ತಡ, ಗಾಳಿ ಕೊಂಡೊಯ್ಯಿತು. ಅದು ಹೋದ ದಾರಿಯಲ್ಲಿ ಒಂದು ತಂತಿಯ ಮೇಲೆ ಮಕ್ಕಳ ಯೂನಿಫಾರಂ ಒಣಗುತ್ತಿತ್ತು.

ಚಹಾದ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಬಟ್ಟೆಯ ಮೇಲಿನ ಹುಡಿ ನೋಡಿ, "ಗುಡ್ಡಕ್ಕೆ ಹೋಗಿದ್ರಾ? ಮೊದಲು ಬಾಯಿ ಮುಕ್ಕಳಿಸಿ" ಎಂದು ನೀರು ಕೊಟ್ಟರು. ಎಪ್ಪತ್ತೈದು ದಾಟಿದ ವಯಸ್ಸು. ಮನೆಮಾತು ತಮಿಳು. ಕನ್ನಡವನ್ನು ತೆಲುಗಿನ ರಾಗದಲ್ಲಿ ಆಡುತ್ತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಡರ್‌ಗ್ರೌಂಡ್. ಅವರ ಅಪ್ಪ, ತಾತ ಕೂಡ ಅಂಡರ್‌ಗ್ರೌಂಡ್. ತಾತ ಉತ್ತರ ಆರ್ಕಾಟಿನ ಒಂದು ಹಳ್ಳಿಯಿಂದ ಮೇಸ್ತ್ರಿಯ ಹಿಂದೆ ನಡೆದು ಬಂದವರಂತೆ. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಹೀಗೆ ಬಂದ ದಲಿತರು. ಊರಿನಲ್ಲಿ ಜೀತ ಮಾಡುವುದಕ್ಕಿಂತ ನೆಲದೊಳಗೆ ಇಳಿಯುವುದೇ ಮೇಲೆಂದು ಬಂದವರು. ಅವರು ಇಲ್ಲಿಗೆ ಬಂದದ್ದರಲ್ಲಿ ಬಿಡುಗಡೆಯೂ ಇತ್ತು ಎಂಬುದನ್ನು ನಾನು ಮರೆಯಲಾರೆ. 1907ರಲ್ಲೇ ತಮಿಳು ದಲಿತ ಚಿಂತಕ ಅಯೋಧಿ ದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಹುಟ್ಟಿತ್ತು. ಅವರು ತೀರಿಕೊಂಡ ಮೇಲೆ ಅವರ 'ತಮಿಳನ್' ಪತ್ರಿಕೆ ಕೆಲವು ಕಾಲ ಈ ಗಣಿಯೂರಿನಿಂದಲೇ ಹೊರಟಿತು. ಹಗಲು ಬಂಡೆ ಒಡೆದವರು ರಾತ್ರಿ ದೀಪ ಹಚ್ಚಿಟ್ಟುಕೊಂಡು ಜಾತಿಯಿಲ್ಲದ ಧರ್ಮ ಓದುತ್ತಿದ್ದ ಊರಿದು.

"ಮನೆ ನೋಡ್ತೀರಾ?" ಎಂದರು ಹಿರಿಯರು.

ಅವರ ಮನೆ ಇದ್ದದ್ದು ಗಣಿ ಕಾರ್ಮಿಕರ ಲೈನಿನಲ್ಲಿ. ಲೈನುಗಳು ಅಂದರೆ ಒಂದಕ್ಕೊಂದು ಬೆನ್ನು ಹಚ್ಚಿ ನಿಂತ ಮನೆಗಳ ಸಾಲು. ಮೊದಲು ಇವು ಬಿದಿರು ತಟ್ಟಿಯ ಗುಡಿಸಲುಗಳು. ಈಗ ಗೋಡೆ, ಶೀಟು ಬಂದಿದೆ. ಬಗ್ಗಿ ಒಳಗೆ ಹೋದೆ. ಒಂದೇ ಕೋಣೆ. ಗೋಡೆಯಿಂದ ಗೋಡೆಗೆ ನನ್ನ ನಾಲ್ಕು ಹೆಜ್ಜೆ. ಒಂದು ಮೂಲೆಯಲ್ಲಿ ಒಲೆ, ಎದುರಿಗೆ ಮಂಚ, ಮಂಚದ ಕೆಳಗೆ ಪಾತ್ರೆ, ಮೇಲೆ ಅಟ್ಟದ ಹಲಗೆಯಲ್ಲಿ ಮೊಮ್ಮಗಳ ಪುಸ್ತಕ. ಗೋಡೆಯಲ್ಲಿ ಅಂಬೇಡ್ಕರ್, ಪಕ್ಕದಲ್ಲಿ ಹಾರ ಹಾಕಿದ ಅಪ್ಪನ ಫೋಟೋ. ಈ ಕೋಣೆಯಲ್ಲಿ ಅವರ ಅಪ್ಪ ಹುಟ್ಟಿದ್ದರು, ಅವರು ಹುಟ್ಟಿದರು, ಅವರ ಮಕ್ಕಳು ಹುಟ್ಟಿದರು. ಅರ್ಧ ಮೈಲಿ ಆಚೆ ದಿಣ್ಣೆಯ ಮೇಲೆ ದೊರೆಗಳ ಬಂಗಲೆಗಳಿವೆ. ಒಂದೊಂದರ ಅಂಗಳದಲ್ಲಿ ಇಂಥ ಇಪ್ಪತ್ತು ಮನೆ ಕಟ್ಟಬಹುದು. ಬೆಂಗಳೂರಿನ ಪತ್ರಿಕೆಗಳು ಕೆ.ಜಿ.ಎಫ್ ಅನ್ನು ಪುಟ್ಟ ಇಂಗ್ಲೆಂಡ್ ಎಂದು ಬಣ್ಣಿಸುವಾಗ ತೋರಿಸುವ ಫೋಟೋ ಆ ದಿಣ್ಣೆಯದು. ಕ್ಲಬ್ಬು, ಗಾಲ್ಫ್ ಮೈದಾನ, ಗುಲಾಬಿ ತೋಟ. ನನಗೆ ಆ ಮಾತು ಈಗ ಕೇಳಲಾಗದು.

"ನಮ್ಮ ಲೈನಿಗೆ ಕರೆಂಟು ಬಂದಾಗ ನಾನು ಚಡ್ಡಿ ಹಾಕೋ ಹುಡುಗ" ಎಂದರು ಅವರು ಬಲ್ಬಿನ ಕಡೆ ಕೈ ತೋರಿಸಿ.

ಈ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ನಾವು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ ಪಾಠ ಇದು: ಶಿವನಸಮುದ್ರದ ವಿದ್ಯುತ್ತು. ದಿವಾನ್ ಶೇಷಾದ್ರಿ ಅಯ್ಯರ್ ಮಾಡಿಸಿದ ಯೋಜನೆ. 1902ರ ಜೂನ್ 30ರಂದು ಕಾವೇರಿಯ ಜಲಪಾತದಿಂದ ಹೊರಟ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಬಂದು ಕೋಲಾರದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೂರು ವರ್ಷ ಆ ವಿದ್ಯುತ್ತು ಕತ್ತಲೆಯ ಊರುಗಳನ್ನು ದಾಟಿಕೊಂಡು ಬರುತ್ತಿತ್ತು. ಕನ್ನಂಬಾಡಿ ಕಟ್ಟೆಗೆ ಇದ್ದ ಕಾರಣಗಳಲ್ಲಿ ಒಂದು, ಬೇಸಿಗೆಯಲ್ಲೂ ಈ ಗಣಿಗೆ ವಿದ್ಯುತ್ತು ತಪ್ಪದಿರಲಿ ಎಂಬುದು. ಏಷ್ಯಾದ ಮೊದಮೊದಲ ಜಲವಿದ್ಯುತ್ ಯೋಜನೆಗಳಲ್ಲಿ ಒಂದು ನಮ್ಮದೆಂದು ಹೇಳಿಕೊಳ್ಳುವಾಗ ನನ್ನ ಎದೆ ಈಗಲೂ ಉಬ್ಬುತ್ತದೆ, ಅದನ್ನು ಬಿಡಲಾರೆ. ಆದರೆ ಕಾವೇರಿಯ ನೀರಿನಿಂದ ಹುಟ್ಟಿದ ಆ ಬೆಳಕು ಯಂತ್ರಕ್ಕೆ ಬಂತು, ಬಂಗಲೆಗೆ ಬಂತು, ಯಂತ್ರದ ಬುಡದಲ್ಲಿದ್ದವನ ಕೋಣೆಗೆ ಬರಲು ಅರ್ಧ ಶತಮಾನ ಹಿಡಿಯಿತು ಎಂದು ಆ ಕೋಣೆಯಲ್ಲೇ ಕೂತು ಕೇಳಿದ ಮೇಲೆ ಹೆಮ್ಮೆ ಮೊದಲಿನಂತೆ ಉಳಿಯಲಿಲ್ಲ.

ಕೆಳಗಿನ ಕೆಲಸದ ಬಗ್ಗೆ ಕೇಳಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ತಳದ ಬಂಡೆಯ ಕಾವು 60 ಡಿಗ್ರಿ ದಾಟುತ್ತಿತ್ತು. ಅಷ್ಟು ಆಳದ ಕಲ್ಲು ಒತ್ತಡ ತಾಳದೆ ಸಿಡಿಯುತ್ತಿತ್ತು. ಏರ್ ಬ್ಲಾಸ್ಟ್ ಎನ್ನುತ್ತಾರೆ ಇಲ್ಲಿ. ಸಿಡಿದಾಗ ಮೇಲೆ ಲೈನಿನಲ್ಲಿ ಪಾತ್ರೆ ಅಲುಗುತ್ತಿದ್ದವಂತೆ. ಹೆಂಗಸರು ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರಂತೆ. "ಸೈರನ್ ಬೇರೆ ಹೊತ್ತಲ್ಲಿ ಕೂಗಿದ್ರೆ ಯಾರ ಮನೇಲೂ ಒಲೆ ಉರೀತಿರ್ಲಿಲ್ಲ." ಮತ್ತೆ ಎದೆಯ ರೋಗ. ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್. ಅವರ ಅಪ್ಪ ಹೋದದ್ದು ಅದರಿಂದ.

ಇಷ್ಟನ್ನೂ ಅವರು ಊರಿನ ಹವೆಯ ಬಗ್ಗೆ ಹೇಳಿದಷ್ಟೇ ಸಮಾಧಾನದಿಂದ ಹೇಳಿದರು. ದನಿ ಬದಲಾದದ್ದು ಚೆಕಿಂಗ್ ಮಾತು ಬಂದಾಗ.

ಮಂಚದ ಕೆಳಗಿನ ಟ್ರಂಕಿನಿಂದ ಒಂದು ಹಿತ್ತಾಳೆಯ ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಎಂಟಾಣೆಗಿಂತ ಸ್ವಲ್ಪ ದೊಡ್ಡದು. ಅಂಚಿಗೆ ತೂತು. ನಡುವೆ ನಾಲ್ಕಂಕಿಯ ನಂಬರು. ಹೆಬ್ಬೆರಳಿನಿಂದ ಸವರಿ ಸವರಿ ಕೊನೆಯ ಅಂಕಿ 3 ಅಥವಾ 8, ಯಾವುದೆಂದು ತಿಳಿಯದಷ್ಟು ಸವೆದಿತ್ತು. ಅಪ್ಪನದು. ಇಳಿಯುವಾಗ ಕೊಡಬೇಕು, ಹತ್ತಿದಾಗ ವಾಪಸು ತೆಗೆದುಕೊಳ್ಳಬೇಕು. ಕೆಳಗೆ ಎಷ್ಟು ಜನ ಉಳಿದರು ಎಂಬ ಲೆಕ್ಕ ಬಿಲ್ಲೆಯಿಂದ. "ಹೆಸರು ಕೇಳ್ತಿರಲಿಲ್ಲ. ನಂಬರು. ಮೇಲೆ ಬಂದ್ರೆ ಒಂದು ರೂಮು. ಬಟ್ಟೆ ಬಿಚ್ಚಬೇಕು. ಕೈ ಎತ್ತಬೇಕು. ಕೂದಲಲ್ಲಿ ಬೆರಳಾಡಿಸ್ತಾರೆ. ಬಾಯಿ ತೆಗಿ ಅಂತಾರೆ, ನಾಲಗೆ ಎತ್ತು ಅಂತಾರೆ. ನಮ್ಮಪ್ಪ ದಿನಾ ಮನೆಗೆ ಬಂದು ಮೊದಲು ಬಾಯಿ ತೊಳೆದುಕೊಳ್ತಿದ್ದ. ಚಿಕ್ಕವನಿದ್ದಾಗ ನನಗೆ ಅರ್ಥ ಆಗ್ತಿರಲಿಲ್ಲ."

"ಚಿನ್ನ ಕಣ್ಣಿಗೆ ಕಾಣ್ತಿತ್ತಾ?"

"ಮೂವತ್ತು ವರ್ಷದಲ್ಲಿ ಎರಡು ಸಲ. ದಾರದ ಎಳೆ ಥರ. ಮಿಕ್ಕಿದ್ದು ಬರೀ ಕಲ್ಲು."

ಇದರ ಹಿಂದೆ ಕಾನೂನಿತ್ತು. 1897ರ ಮೈಸೂರು ಗಣಿ ನಿಯಮಾವಳಿಯ ಪ್ರಕಾರ ಚಿನ್ನದ ಅಂಶವಿರುವ ಮಣ್ಣೋ ಕಲ್ಲೋ ಒಬ್ಬನ ಬಳಿ ಸಿಕ್ಕರೆ, ಅದು ಕದ್ದದ್ದಲ್ಲ ಎಂದು ಅವನೇ ಸಾಬೀತು ಮಾಡಬೇಕು. ಈ ನೆಲದ ಮಣ್ಣಿನಲ್ಲೇ ಚಿನ್ನವಿದೆ, ಕಾಲಿಗೆ ಮೆತ್ತಿದ ಕೆಸರಿನಲ್ಲಿ ಇರಬಹುದು. ಅಂಥ ಊರಿನಲ್ಲಿ ಹುಟ್ಟಿದವನು ಕಳ್ಳನಲ್ಲ ಎಂದು ದಿನದಿನವೂ ತೋರಿಸಿಕೊಳ್ಳಬೇಕಿತ್ತು. ಕಾವಲಿಗೆ ದೂರದ ಪಂಜಾಬಿನವರನ್ನು ತಂದಿಟ್ಟಿದ್ದರು, ಭಾಷೆ ಬಂದರೆ ಸ್ನೇಹ ಬೆಳೆದೀತೆಂದು.

ಅದೇ 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆಯಿತು. ಬೆರಳಚ್ಚಿನ ಕಥೆಯೇ ನಮ್ಮ ನೆಲದ್ದು. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ ಒಬ್ಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈ ಒತ್ತಿಸಿಕೊಂಡ, ಆಡಿದ ಮಾತಿಗೆ ತಪ್ಪಬಾರದೆಂದು. ಮುಂದೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬಿಬ್ಬರು ಭಾರತೀಯರು ಅಚ್ಚುಗಳನ್ನು ವರ್ಗೀಕರಿಸುವ ಲೆಕ್ಕ ಕಟ್ಟಿಕೊಟ್ಟರು. ಆ ಪದ್ಧತಿಗೆ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತು. ನಮ್ಮ ಜನರ ಮಾತನ್ನು ನಂಬದವರು ನಮ್ಮ ಬೆರಳನ್ನು ನಂಬಲು ಕಲಿತ ಬಗೆ ಇದು. 1930ರಲ್ಲಿ ಗಣಿ ಕಾರ್ಮಿಕರ ನೋಂದಣಿಗೂ ಬೆರಳಚ್ಚು ಬೇಕೆಂಬ ನಿಯಮ ಬಂತು. ಸಂಬಳ ಕಡಿಮೆಯೆಂದು, ಸಾವು ಹೆಚ್ಚೆಂದು ಕೂಗೆಬ್ಬಿಸದಿದ್ದವರು ಅದಕ್ಕೆ ಸಿಡಿದೆದ್ದರು. ಬೆರಳು ಒತ್ತುವುದು ಜೈಲಿನ ಕಳ್ಳರು, ನಾವಲ್ಲ ಎಂದರು. ಸಂಘವಿಲ್ಲ, ಹೆಸರಾಂತ ನಾಯಕರಿಲ್ಲ. ಸುಮಾರು ಮೂರು ವಾರ ಸಾವಿರಾರು ಜನ ಗಣಿಗಿಳಿಯುವ ಕೇಜಿಗೆ ಕಾಲಿಡಲಿಲ್ಲ. ನಿಯಮ ಹಿಂದೆ ಹೋಯಿತು.

ಅದೇ ವರ್ಷದ ಏಪ್ರಿಲಿನಲ್ಲಿ ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ್ದರು. ಅದು ಎಲ್ಲ ಮಕ್ಕಳಿಗೂ ಗೊತ್ತು, ಗೊತ್ತಿರಬೇಕು. ಕೋಲಾರ ಜಿಲ್ಲೆಯ ಮಕ್ಕಳಿಗಾದರೂ ಈ ಮೂರು ವಾರ ಗೊತ್ತಿರಬೇಕೆಂದು ನನಗನ್ನಿಸುತ್ತದೆ. ಹಿರಿಯರಿಗೆ ಗೊತ್ತಿತ್ತು. ವರ್ಷ ನೆನಪಿಲ್ಲ, "ತಾತ ಬೆರಳು ಕೊಡಲಿಲ್ಲ" ಎಂದಷ್ಟೇ ಹೇಳಿದರು. ಆಸ್ತಿಯ ಬಗ್ಗೆ ಹೇಳುವ ದನಿ.

ದೇಶಕ್ಕೆ ಸ್ವಾತಂತ್ರ್ಯ ಬಂದಾಗಲೂ ಗಣಿ ಟೇಲರ್ ಕಂಪನಿಯದೇ. 1956ರ ಕೊನೆಗೆ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು. ಹಿರಿಯರು ಕೆಲಸಕ್ಕೆ ಸೇರಿದ್ದು ಅದಾದ ಮೇಲೆ. "ಬಂಗಲೆಗೆ ನಮ್ಮವರು ಬಂದ್ರು" ಎಂದರು. "ಒಳ್ಳೆಯವರೂ ಇದ್ರು. ಆಸ್ಪತ್ರೆ ಚೆನ್ನಾಗಿತ್ತು, ರೇಷನ್ ಸಿಕ್ತಿತ್ತು. ಆದ್ರೆ ಮೇಲೆ ಬಂದ ಮೇಲೆ ರೂಮು ಅದೇ. ನಾನೂ ಬಾಯಿ ತೆಗೆದಿದ್ದೀನಿ." ನನಗೆ ಉತ್ತರ ತೋಚಲಿಲ್ಲ. ಬಾವುಟ ಬದಲಾಯಿತು, ಲೆಡ್ಜರಿನ ಭಾಷೆ ಬದಲಾಯಿತು, ಶಾಫ್ಟಿನ ಬಾಯಲ್ಲಿ ಒಬ್ಬ ಮನುಷ್ಯನನ್ನು ನೋಡುವ ಕಣ್ಣು ಮಾತ್ರ ಕೈಯಿಂದ ಕೈಗೆ ದಾಟಿತು. ಇಂಗ್ಲಿಷರನ್ನು ದೂರುವುದು ನ್ಯಾಯವೇ. ಆದರೆ ಅವರು ಕಲಿಸಿದ್ದನ್ನು ನಾವು ನಲವತ್ನಾಲ್ಕು ವರ್ಷ ತಪ್ಪದೆ ಪಾಲಿಸಿದೆವು, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ.

ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ ಹೋಯಿತು ಇಲ್ಲಿಂದ. ಕೇಜುಗಳು ನಿಂತವು, ಪಂಪುಗಳು ನಿಂತವು, ಕೆಳಗೆ ನೀರು ತುಂಬಿಕೊಂಡಿತು. ಹಿರಿಯರ ಮನೆಯ ಹಕ್ಕುಪತ್ರದ ಮಾತು ಇನ್ನೂ ಮುಗಿದಿಲ್ಲ. ಫೈಲಿನ ಜೆರಾಕ್ಸ್ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದೇ ಟ್ರಂಕಿನಲ್ಲಿಟ್ಟಿದ್ದಾರೆ.

ಸಂಜೆಯ ಗಾಡಿಗೆ ಹೊರಡಬೇಕೆಂದಿದ್ದವನನ್ನು ಊಟಕ್ಕೆ ನಿಲ್ಲಿಸಿಕೊಂಡರು. ರಾತ್ರಿ ಒಂಬತ್ತು ಕಳೆದ ಮೇಲೆ ಲೈನಿನಲ್ಲಿ ಒಮ್ಮೆಲೇ ಹೆಜ್ಜೆ ಸಪ್ಪಳ, ಮೊಬೈಲು ಬೆಳಕು. ಬೆಂಗಳೂರಿನ ರೈಲು ಬಂದಿತ್ತು. ಸೊಸೆ ಒಳಗೆ ಬಂದು ಬ್ಯಾಗು ಗೂಟಕ್ಕೆ ಹಾಕಿ, ನನ್ನನ್ನು ಕಂಡು ನಕ್ಕಳು. ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ, ಶರ್ಟಿಗೆ ಕಾಲರು ಹೊಲಿಯುವುದು. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾಳೆ. ಇವತ್ತು ರೈಲು ತಡವಾಗಿ ಅರ್ಧ ದಿನದ ಸಂಬಳ ಹೋಯಿತು ಎಂದಳು. ಗೇಟಿನ ಯಂತ್ರದ ಮೇಲೆ ಹೆಬ್ಬೆಟ್ಟು ಎಂಟೂವರೆಯೊಳಗೆ ಬೀಳಬೇಕಂತೆ. ನನ್ನತ್ತ ಹೆಬ್ಬೆರಳು ಚಾಚಿ ತೋರಿಸಿದಳು. ಸೂಜಿ, ದಾರ ತಾಗಿ ತಾಗಿ ತುದಿಯ ಗೆರೆ ಮಾಸಿಹೋಗಿದ್ದವು. ಎರಡು ಸಲ ಒತ್ತಿದರೂ ಯಂತ್ರ ತೆಗೆದುಕೊಳ್ಳಲಿಲ್ಲ, ಹಿಂದೆ ನಿಂತವರು ಬೈದರು ಎಂದಳು. ಸಂಜೆ ಬಿಡುವಾಗ ಬ್ಯಾಗು ಬಿಚ್ಚಿ ತೋರಿಸಬೇಕು, ಸೆಕ್ಯುರಿಟಿಯವರು ಮೈ ತಡವುತ್ತಾರೆ, ಅದಕ್ಕೇ ಸಾಲು ಉದ್ದ, ಅದಕ್ಕೇ ಮೊದಲಿನ ರೈಲು ತಪ್ಪುವುದು.

ಮಂಚದ ಮೇಲೆ ಕೂತು ಕೇಳುತ್ತಿದ್ದ ಮಾವ ತಟ್ಟೆಯಿಂದ ಕೈ ತೆಗೆದರು.

"ಬಾಯಿ ತೆಗಿ ಅಂತಾರಾ?"

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಇಲ್ಲ ಮಾವ, ಯಾಕೆ?" ಎಂದಳು.

"ಏನಿಲ್ಲ. ಊಟ ಮಾಡು" ಎಂದು ಅವರು ನೀರಿನ ಚೊಂಬನ್ನು ಅವಳ ಕಡೆ ಸರಿಸಿದರು.